ಸೊನ್ನೆ ಕ್ರೆಡಿಟ್ಟಿನ ಬರವಣಿಗೆ

ನೌಕರಿ ಮಾಡುತ್ತ, ಶನಿವಾರ ಭಾನುವಾರ ಕಳೆದುಕೊಂಡು ಎಂ.ಟೆಕ್ ಓದುವವರಿಗೆ ಮೊದಲು ಕಲಿಸಬೇಕಾದದ್ದು ತಾಂತ್ರಿಕ ಬರವಣಿಗೆ. ಅದಕ್ಕೆ ನಾವು ಕೊಟ್ಟಿರುವ ಬೆಲೆ ಏನು? ಎಐಸಿಟಿಇ 2018ರ ಸ್ನಾತಕೋತ್ತರ ಮಾದರಿ ಪಠ್ಯಕ್ರಮ ತೆರೆದು ನೋಡಿ. ಸಂಶೋಧನಾ ಪ್ರಬಂಧ ಬರೆಯುವ ಇಂಗ್ಲಿಷ್ ಎಂಬ ವಿಷಯ ಆಡಿಟ್ ಕೋರ್ಸುಗಳ ಪಟ್ಟಿಯಲ್ಲಿ, ವಿಪತ್ತು ನಿರ್ವಹಣೆ, ಯೋಗದ ಜೊತೆಗೆ ಕೂತಿದೆ. ಬೇಕಿದ್ದರೆ ಆರಿಸಿಕೊಳ್ಳಿ. ಕ್ರೆಡಿಟ್ಟು ಸೊನ್ನೆ.

ಅದಕ್ಕಿಂತ ದೊಡ್ಡ ತಪ್ಪು ಆ ಹೆಸರಿನಲ್ಲೇ ಇದೆ. ತಾಂತ್ರಿಕ ಬರವಣಿಗೆ ಎಂದರೆ ಇಂಗ್ಲಿಷ್ ಎಂದು ನಂಬಿಬಿಟ್ಟಿದ್ದೇವೆ. ಕನ್ನಡ ಮಾಧ್ಯಮದಲ್ಲಿ ಓದಿ ಪುಣೆಗೋ ಹೈದರಾಬಾದಿಗೋ ಬಂದ ಹುಡುಗಿ ಅರ್ಥವಾಗದ ಡಾಕ್ಯುಮೆಂಟ್ ಬರೆದರೆ 'ಇಂಗ್ಲಿಷ್ ವೀಕು' ಎಂದು ವ್ಯಾಕರಣದ ತರಗತಿಗೆ ಕಳಿಸುತ್ತೇವೆ. ಕಾನ್ವೆಂಟಿನಲ್ಲಿ ಓದಿದವನು ಅಷ್ಟೇ ಅರ್ಥವಾಗದ್ದನ್ನು ಸೊಗಸಾಗಿ ಬರೆದರೆ ಅಪ್ರೂವ್ ಮಾಡುತ್ತೇವೆ.

2003ರ ಜನವರಿಯಲ್ಲಿ ಕೊಲಂಬಿಯಾ ನೌಕೆ ಇನ್ನೂ ಮೇಲಿದ್ದಾಗ ಬೋಯಿಂಗ್ ಇಂಜಿನಿಯರುಗಳು ನಾಸಾಕ್ಕೆ ಸ್ಲೈಡುಗಳನ್ನು ತೋರಿಸಿದರು. ರೆಕ್ಕೆಗೆ ಬಡಿದ ಫೋಮ್ ತುಂಡು ಪರೀಕ್ಷೆಯಲ್ಲಿ ಬಳಸಿದ ತುಂಡಿಗಿಂತ ಸುಮಾರು 640 ಪಟ್ಟು ದೊಡ್ಡದು. ಆ ಸಂಗತಿ ಒಂದು ಸ್ಲೈಡಿನ ತಳದಲ್ಲಿತ್ತು. ತಲೆಬರಹ ಧೈರ್ಯ ಹೇಳುತ್ತಿತ್ತು. ಫೆಬ್ರವರಿ 1ರಂದು ಕಲ್ಪನಾ ಚಾವ್ಲಾ ಸೇರಿ 7 ಜನ ತೀರಿಕೊಂಡರು. ಸಾವಿಗೆ ಸ್ಲೈಡೇ ಕಾರಣ ಎನ್ನಲಾಗದು. ಆದರೆ ತಾಂತ್ರಿಕ ವರದಿಯ ಜಾಗಕ್ಕೆ ಪವರ್‌ಪಾಯಿಂಟ್ ಬಂದದ್ದನ್ನು ತನಿಖಾ ಮಂಡಳಿಯೇ ಟೀಕಿಸಿತು. ಅಲ್ಲಿ ಕೊರತೆಯಿದ್ದದ್ದು ಇಂಗ್ಲಿಷಿನದಲ್ಲ. ನಿರ್ಧಾರ ತೆಗೆದುಕೊಳ್ಳಬೇಕಾದವನಿಗೆ ಬೇಕಾದ ಮಾತು ಮೊದಲು ಬರಲಿಲ್ಲ.

'ಈಗ ಚಾಟ್‌ಜಿಪಿಟಿ ಇದೆಯಲ್ಲ?' ಇದೆ, ವಾಕ್ಯ ತಿದ್ದುತ್ತದೆ. ಆದರೆ ರಾತ್ರಿ ಎರಡಕ್ಕೆ ಸರ್ವರ್ ಬಿದ್ದಾಗ ರನ್‌ಬುಕ್ ತೆರೆಯುವವನಿಗೆ ಏನು ಗೊತ್ತಿರುವುದಿಲ್ಲ ಎಂಬುದನ್ನು ನಾವು ಯೋಚಿಸಿ ಹೇಳದಿದ್ದರೆ ಅದಕ್ಕೆ ಹೇಗೆ ತಿಳಿಯಬೇಕು?

ಬರವಣಿಗೆ ಕಡ್ಡಾಯ ವಿಷಯವಾಗಲಿ, ನಾಲ್ಕು ಕ್ರೆಡಿಟ್ ಇರಲಿ. ಇಂಗ್ಲಿಷ್ ಮೇಷ್ಟ್ರ ಜೊತೆ ಒಬ್ಬ ಇಂಜಿನಿಯರ್ ಪಾಠ ಮಾಡಲಿ. ಮೊದಲ ಕರಡು ಕನ್ನಡದಲ್ಲೇ ಇದ್ದರೂ ಅಡ್ಡಿಯಿಲ್ಲ. ಪರೀಕ್ಷೆಗೆ ಪ್ರಬಂಧ ಬೇಡ. ವಿದ್ಯಾರ್ಥಿ ತನ್ನ ಕೆಲಸದ್ದೇ ಒಂದು ರನ್‌ಬುಕ್ಕನ್ನು, ಗುಟ್ಟಿನ ವಿವರ ತೆಗೆದು, ಬರೆದು ತರಲಿ. ಅದನ್ನು ಹೊಸಬರೊಬ್ಬರ ಕೈಗೆ ಕೊಡಿ, ಪಕ್ಕದಲ್ಲಿ ನಿಂತು ಏನೂ ಹೇಳಿಕೊಡಬೇಡಿ. ಅವರು ಸಿಕ್ಕಿಹಾಕಿಕೊಂಡಲ್ಲೆಲ್ಲ ಅಂಕ ಕಡಿಯಿರಿ.

ಫೀಸು ಕಟ್ಟುವ ಕಂಪನಿಗಳು ಇದನ್ನು ಕೇಳಿದರೆ ವಿಶ್ವವಿದ್ಯಾಲಯಗಳು ಕೊಡುತ್ತವೆ. ಆ ಫೀಸಿನ ಅರ್ಜಿಗೆ ಸಹಿ ಹಾಕುವವರು ನಮ್ಮಂಥ ಮ್ಯಾನೇಜರುಗಳೇ.