ಕೊಂಡವನ ಕೈಯಲ್ಲೊಂದು ಪ್ರತಿ ಇರಲಿ

ಹಣ ಕೊಟ್ಟು ಕೊಂಡ ಸಿನಿಮಾದ ಒಂದು ಪ್ರತಿಯನ್ನು ಮನೆಯ ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟುಕೊಂಡವನನ್ನೂ ಕಳ್ಳರ ಸಾಲಿಗೆ ಸೇರಿಸುವ ಮಾತು ಈಗ ಜೋರಾಗಿದೆ. ಎಲ್ಲವೂ ಒಟಿಟಿಯಲ್ಲಿ ಸಿಗುವಾಗ ಸ್ವಂತ ಪ್ರತಿಯ ಹಂಗೇಕೆ ಎಂಬುದು ಹಾಗೆನ್ನುವವರ ವಾದ. ಎಲ್ಲವೂ ಸಿಗುತ್ತದೆ ಎಂಬುದೇ ಸುಳ್ಳು. ಇಂದು ಸಿಕ್ಕಿದ್ದು ನಾಳೆಯೂ ಸಿಗುತ್ತದೆ ಎಂಬುದು ಅದಕ್ಕಿಂತ ದೊಡ್ಡ ಸುಳ್ಳು.

ನಯನತಾರಾ ನಟಿಸಿದ ತಮಿಳಿನ ‘ಅನ್ನಪೂರಣಿ’ ಸೆನ್ಸಾರ್ ದಾಟಿ ಥಿಯೇಟರ್‌ಗಳಲ್ಲಿ ತೆರೆಕಂಡ ಚಿತ್ರ. 2023ರ ಡಿಸೆಂಬರ್ ಕೊನೆಗೆ ನೆಟ್‌ಫ್ಲಿಕ್ಸ್‌ಗೆ ಬಂತು. ಧಾರ್ಮಿಕ ಭಾವನೆಗೆ ಧಕ್ಕೆಯಾಯಿತೆಂಬ ದೂರುಗಳ ಬೆನ್ನಲ್ಲೇ 2024ರ ಜನವರಿಯಲ್ಲಿ ಅಲ್ಲಿಂದ ಕಾಣೆಯಾಯಿತು. ಚಂದಾದಾರರನ್ನು ಯಾರೂ ಒಂದು ಮಾತೂ ಕೇಳಲಿಲ್ಲ.

ಚಂದಾ ಬಿಡಿ, ಕೊಂಡ ವಸ್ತುವಿನ ಪಾಡೂ ಅಷ್ಟೇ. 2009ರಲ್ಲಿ ಅಮೆಜಾನ್ ಓದುಗರ ಕಿಂಡಲ್‌ಗಳಿಂದ ಆರ್ವೆಲ್‌ನ ‘1984’ ಮತ್ತು ‘ಅನಿಮಲ್ ಫಾರ್ಮ್’ ಅಳಿಸಿಹಾಕಿತು. ಪ್ರಕಟಿಸಿದವರಿಗೆ ಹಕ್ಕಿರಲಿಲ್ಲ ಎಂಬುದು ಕೊಟ್ಟ ಕಾರಣ. ಹಣ ಮರಳಿತು, ಕ್ಷಮೆಯೂ ಬಂತು. ಆದರೆ ಮಾರಿದ ಮೇಲೂ ಕೀಲಿಕೈ ಮಾರಿದವನ ಜೇಬಿನಲ್ಲೇ ಇರುತ್ತದೆಂಬುದು ಅಂದೇ ಬಯಲಾಯಿತು. 2025ರ ಫೆಬ್ರುವರಿಯಲ್ಲಿ ಅದೇ ಕಂಪನಿ, ಕೊಂಡ ಇ-ಪುಸ್ತಕವನ್ನು ಕಂಪ್ಯೂಟರ್‌ಗೆ ಇಳಿಸಿಕೊಂಡು ಯುಎಸ್‌ಬಿ ಮೂಲಕ ಕಿಂಡಲ್‌ಗೆ ಹಾಕುವ ಸೌಲಭ್ಯವನ್ನೂ ಕಿತ್ತುಹಾಕಿತು.

ಕಾಪಾಡುವ ಹೊಣೆ ಉದ್ಯಮಕ್ಕೆ ಬಿಡಿ ಎನ್ನುವವರು ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’ವನ್ನು ಎಲ್ಲಿಂದ ತಂದು ತೋರಿಸುತ್ತಾರೆ? ಅದರ ಒಂದು ಪ್ರಿಂಟೂ ಉಳಿದಿಲ್ಲ. ಬಿಬಿಸಿ ‘ಡಾಕ್ಟರ್ ಹೂ’ ಸರಣಿಯ ಹಳೆಯ ಟೇಪುಗಳನ್ನು ತಾನೇ ಅಳಿಸಿತು. ಕಳೆದುಹೋದ ಕಂತುಗಳ ಧ್ವನಿಯಾದರೂ ಇಂದು ಕೇಳಸಿಗುತ್ತಿದ್ದರೆ, ಅದು ಟಿವಿ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಕೂತ ಅಭಿಮಾನಿಗಳ ಪುಣ್ಯ. ಅವರು ಉಳಿಸಿದ ಆ ಧ್ವನಿಯನ್ನು ಬಿಬಿಸಿಯೇ ಮುಂದೆ ಸಿಡಿ ಮಾಡಿ ಮಾರಿತು!

ಇನ್ನು ಪೈರಸಿಯ ಮಾತು. ಬಿಡುಗಡೆಯ ದಿನವೇ ಟೆಲಿಗ್ರಾಂನಲ್ಲಿ ಸಿನಿಮಾ ಹರಿಬಿಡುವವನು ನಿರ್ಮಾಪಕನ ಹೊಟ್ಟೆಯ ಮೇಲೆ ಹೊಡೆಯುತ್ತಾನೆ, ಅವನಿಗೆ ಶಿಕ್ಷೆಯಾಗಲಿ. ಒಂದು ತಿಂಗಳ ಚಂದಾ ಕಟ್ಟಿ ಇಡೀ ಭಂಡಾರ ಬಾಚಿಕೊಳ್ಳುವವನ ಪರ ವಕಾಲತ್ತೂ ನನ್ನದಲ್ಲ. ನನ್ನ ತಕರಾರು ಪೂರ್ತಿ ಬೆಲೆ ತೆತ್ತವನ ಪರವಾಗಿ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಖಾಸಗಿ ಬಳಕೆಯ ನ್ಯಾಯಯುತ ವ್ಯವಹಾರವನ್ನು ಉಲ್ಲಂಘನೆ ಎನ್ನುವುದಿಲ್ಲ. ಡಿಜಿಟಲ್ ಬೀಗ ಮುರಿಯುವವರಿಗೆಂದು 2012ರಲ್ಲಿ ಸೇರಿಸಿದ 65ಎ ಕಲಂ ಕೂಡ ಹಕ್ಕು ಉಲ್ಲಂಘಿಸುವ ಉದ್ದೇಶ ಇದೆಯೇ ಎಂದು ನೋಡುತ್ತದೆ. ಕಾಯ್ದೆ ತೆರೆದಿಟ್ಟ ಈ ಕಿಂಡಿಯನ್ನು ಕಂಪನಿಗಳು ಯಾರೂ ಓದದ ಷರತ್ತುಗಳಿಂದ ಮುಚ್ಚುತ್ತಿವೆ.

ನಿಮಗೆ ಸಿಗುವುದು ಪರವಾನಗಿ ಮಾತ್ರ ಎಂದು ಗ್ರಾಹಕನಿಗೆ ಸ್ಪಷ್ಟವಾಗಿ ತಿಳಿಸಬೇಕೆಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಜಾರಿಯಲ್ಲಿದೆ. ಆದರೆ ಹೇಳಿ ಕಿತ್ತುಕೊಂಡರೂ ಕಿತ್ತುಕೊಂಡಂತೆಯೇ. ಪೂರ್ತಿ ಬೆಲೆಗೆ ಮಾರಿದ ಚಿತ್ರ, ಹಾಡು, ಪುಸ್ತಕವನ್ನು ಬೀಗವಿಲ್ಲದ ಫೈಲ್ ಆಗಿ ಕೊಡಬೇಕು. ಖಾಸಗಿ ಪ್ರತಿಯನ್ನು ತಡೆಯುವ ಷರತ್ತು ಊರ್ಜಿತವಲ್ಲ ಎಂದು ನಮ್ಮ ಕಾಯ್ದೆ ಸಾರಬೇಕು. ಇದು ಆಗದ ಮಾತೇನಲ್ಲ: ಐಟ್ಯೂನ್ಸ್ 2009ರಲ್ಲೇ ಹಾಡುಗಳ ಬೀಗ ತೆಗೆದು ಮಾರಿತು, ಸಂಗೀತೋದ್ಯಮ ಮುಳುಗಲಿಲ್ಲ. ಇಷ್ಟು ಕೊಡಲು ಒಪ್ಪದ ಕಂಪನಿ ಬಾಡಿಗೆ ಎಂದೇ ಬರೆಯಲಿ, ಬಾಡಿಗೆಯ ದರವನ್ನೇ ಕೇಳಲಿ.