ಇನ್ನೊಂಚೂರು ಎಡಕ್ಕೆ!

"ನಾವು ಹೇಳಿದ್ದೆಲ್ಲ ಅರ್ಥವಾಗುತ್ತೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ ಬರುತ್ತೆ." ಕೊಲ್ಲಿಯಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಅಪ್ಪ ಅಮ್ಮಂದಿರು ಸೇರಿದಲ್ಲೆಲ್ಲ ಕೇಳುವ ಮಾತಿದು. ಶಾಲೆಯಲ್ಲಿ ಇಂಗ್ಲಿಷ್, ಬಕಾಲಾದಲ್ಲಿ ಹಿಂದಿ ಇಲ್ಲವೇ ಅರೇಬಿಕ್, ಕರಾವಳಿಯವರ ಮನೆಯಲ್ಲಾದರೆ ತುಳುವೋ ಕೊಂಕಣಿಯೋ ಬ್ಯಾರಿಯೋ. ಕನ್ನಡದ ಪಾಲಿಗೆ ಉಳಿಯುವುದು ಟಿವಿ. ಟಿವಿ ಮಗುವಿನ ಕಿವಿಗೆ ಕನ್ನಡ ಹಾಕುತ್ತದೆ, ಆದರೆ ಮಗುವನ್ನು ಏನೂ ಕೇಳುವುದಿಲ್ಲ. ಸುಮ್ಮನೆ ಕೂತು ನೋಡಿದರೆ ಆಯಿತು.

ಅದೇ ಟಿವಿ ಕೆಟ್ಟರೆ? ಆಗ ಮಗು ಬಾಯಿ ಬಿಡಲೇಬೇಕಾದ ಒಂದು ಕೆಲಸ ಸಿಗುತ್ತದೆ. ಈ ಸಲ ಅರ್ದಿಯಾದ ತಾರಸಿಯೊಂದನ್ನು ಹತ್ತೋಣ.

ಫರ್ವಾನಿಯಾ ಗವರ್ನರೇಟಿನ ಅರ್ದಿಯಾದಲ್ಲಿ ತಾರಸಿಗಳ ಮೇಲೆ ಡಿಶ್‌ಗಳಿಗೆ ಬರವಿಲ್ಲ. ಅವುಗಳಿಗೆ ಬಿಸಿಲೇ ದೊಡ್ಡ ಶತ್ರು. 2016ರ ಜುಲೈ 21ರಂದು ಕುವೈತಿನ ಮಿತ್ರಿಬಾದಲ್ಲಿ 53.9 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಇಂಥ ಕಾವಿಗೆ ಎಲ್‌ಎನ್‌ಬಿಯ ಪ್ಲಾಸ್ಟಿಕ್ ಮುಚ್ಚಳ ಬಿರುಕು ಬಿಡುತ್ತದೆ, ಕೇಬಲ್ಲಿನ ಹೊದಿಕೆ ಒಣಗಿ ಸೀಳುತ್ತದೆ. ಶಮಾಲ್ ಗಾಳಿ ಬೀಸಿದಾಗ ಸಡಿಲವಾದ ಬೋಲ್ಟು ಡಿಶ್ಶನ್ನು ಜರುಗಿಸಿಬಿಡುತ್ತದೆ. ಒಳಗೆ ಟಿವಿ ಪಕ್ಕದ ಹಳೆಯ ರಿಸೀವರ್‌ನಲ್ಲಿ ಕೆಪಾಸಿಟರ್‌ಗಳು ಉಬ್ಬಿರುತ್ತವೆ.

ತೊಂದರೆ ಎಲ್ಲಿದೆ ಎಂದು ಹುಡುಕಲು ಒಂದು ಒಳ್ಳೆಯ ಸುಳಿವಿದೆ. ಎಲ್ಲ ಚಾನೆಲ್ ಹೋಗಿವೆಯೋ, ಅರ್ಧ ಮಾತ್ರ ಹೋಗಿವೆಯೋ ನೋಡಿ. ಉಪಗ್ರಹವು ಜಾಗ ಉಳಿಸಲು ಒಂದೇ ತರಂಗಾಂತರದಲ್ಲಿ ಎರಡು ಸಿಗ್ನಲ್ ಕಳಿಸುತ್ತದೆ: ಒಂದು ಅಡ್ಡಡ್ಡ, ಇನ್ನೊಂದು ನೆಟ್ಟಗೆ. ಇದಕ್ಕೇ ಪೋಲರೈಸೇಶನ್ ಎನ್ನುವುದು. ಯಾವುದು ಬೇಕೆಂದು ರಿಸೀವರ್ ಎಲ್‌ಎನ್‌ಬಿಗೆ ತಿಳಿಸುವುದು ವೋಲ್ಟೇಜಿನಿಂದ. ನೆಟ್ಟಗಿನದಕ್ಕೆ ಸುಮಾರು 13 ವೋಲ್ಟ್, ಅಡ್ಡದ್ದಕ್ಕೆ 18. ಅಡ್ಡ ಸಿಗ್ನಲ್ಲಿನ ಚಾನೆಲ್‌ಗಳಷ್ಟೇ ಮಾಯವಾಗಿದ್ದರೆ, 18 ವೋಲ್ಟ್ ಮೇಲೆ ತಲುಪುತ್ತಿಲ್ಲ ಎಂದೇ ಮೊದಲು ಅನುಮಾನಿಸಿ. ರಿಸೀವರ್ ಬಾಯಲ್ಲಿ ಮಲ್ಟಿಮೀಟರ್ ಹಿಡಿದಾಗಲೇ 18 ಇಲ್ಲದಿದ್ದರೆ ದೋಷ ಪೆಟ್ಟಿಗೆಯದು. ಅಲ್ಲಿದ್ದು ಡಿಶ್ಶಿನ ತುದಿಯಲ್ಲಿ ಇಲ್ಲದಿದ್ದರೆ ಕೇಬಲ್ಲಿನದೋ ಕನೆಕ್ಟರಿನದೋ. ಎರಡೂ ಕಡೆ ಸರಿಯಿದ್ದರೆ ಎಲ್‌ಎನ್‌ಬಿ ಕೆಟ್ಟಿರಬೇಕು, ಇಲ್ಲವೇ ಓರೆ ತಪ್ಪಿರಬೇಕು.

ಏನಿದು ಓರೆ? ಕುವೈತ್ ಇರುವುದು ಸುಮಾರು 48 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಅರಬ್ ಚಾನೆಲ್‌ಗಳ ಬದ್ರ್ ಉಪಗ್ರಹಗಳು 26 ಡಿಗ್ರಿ ಪೂರ್ವದಲ್ಲಿ, ನೈಲ್‌ಸ್ಯಾಟ್ 7 ಡಿಗ್ರಿ ಪಶ್ಚಿಮದಲ್ಲಿ, ಅಂದರೆ ನಮಗೆ ನೈಋತ್ಯದ ಕಡೆ. ಭಾರತದ ಹಲವು ಚಾನೆಲ್‌ಗಳನ್ನು ಹೊತ್ತ ಇಂಟೆಲ್‌ಸ್ಯಾಟ್-20 ಇರುವುದು 68.5 ಡಿಗ್ರಿ ಪೂರ್ವದಲ್ಲಿ, ಆಗ್ನೇಯಕ್ಕೆ. ಹೀಗೆ ಪಕ್ಕಕ್ಕೆ ನೋಡಿದಾಗ ಅಡ್ಡ ಸಿಗ್ನಲ್ ನಮಗೆ ಓರೆಯಾಗಿ ಬೀಳುತ್ತದೆ. ಎಲ್‌ಎನ್‌ಬಿಯನ್ನೂ ಅಷ್ಟೇ ಓರೆ ಮಾಡಬೇಕು. 68.5ಕ್ಕೆ ಡಿಶ್ಶಿನ ಬೆನ್ನ ಹಿಂದೆ ನಿಂತು ಉಪಗ್ರಹದ ಕಡೆ ನೋಡುತ್ತಾ, ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುಮಾರು 32 ಡಿಗ್ರಿ. ಬದ್ರ್‌ಗೆ ಹೆಚ್ಚುಕಡಿಮೆ ಅಷ್ಟೇ ಓರೆ, ಆದರೆ ಮುಳ್ಳು ತಿರುಗುವ ದಿಕ್ಕಿಗೆ. ಅರಬ್ ಚಾನೆಲ್‌ಗಳಿಗೆ ಕೂರಿಸಿದ್ದ ಎಲ್‌ಎನ್‌ಬಿಯನ್ನು ತಿರುಗಿಸದೆ, ಡಿಶ್ಶನ್ನಷ್ಟೇ ಪೂರ್ವಕ್ಕೆ ಹೊರಳಿಸಿದರೆ ಎರಡು ಸಿಗ್ನಲ್‌ಗಳೂ ಕಲಸಿಹೋಗುತ್ತವೆ. ಮೀಟರಿನಲ್ಲಿ ಶಕ್ತಿ ಇದ್ದರೂ ಗುಣಮಟ್ಟ ಏಳುವುದಿಲ್ಲ.

ಈಗ ಮಗುವಿನ ಕೆಲಸ. ತಾರಸಿಯಲ್ಲಿ ನೀವು, ಟಿವಿ ಮುಂದೆ ಮಗು, ನಡುವೆ ಫೋನು. ಪರದೆಯ ಮೇಲೆ ಗುಣಮಟ್ಟದ ಅಂಕಿ ಏರಿಳಿಯುತ್ತಿರುತ್ತದೆ. ಅದನ್ನು ಕನ್ನಡದಲ್ಲೇ ಹೇಳಬೇಕು, ಇದೊಂದೇ ನಿಯಮ.

"ಎಷ್ಟಿದೆ ಪುಟ್ಟಾ?"

"ನಲವತ್ತ... ಫೋರ್ಟಿ ಸೆವೆನ್‌ಗೆ ಏನಪ್ಪಾ?"

"ನಲವತ್ತೇಳು."

"ನಲವತ್ತೇಳು. ಐವತ್ತೆರಡು. ಅಪ್ಪಾ, ಇಳೀತಾ ಇದೆ, ಹಿಂದಕ್ಕೆ ತಿರುಗಿಸು!"

ಹೊರದೇಶದ ನಮ್ಮ ಎಷ್ಟೋ ಮಕ್ಕಳ ಕನ್ನಡದ ಎಣಿಕೆ ಇಪ್ಪತ್ತಕ್ಕೇ ನಿಂತಿರುತ್ತದೆ. ಮಗ್ಗಿ ಇಂಗ್ಲಿಷಿನಲ್ಲಿ, ಬೆಲೆ ಇಂಗ್ಲಿಷಿನಲ್ಲಿ, ಫೋನ್ ನಂಬರೂ ಇಂಗ್ಲಿಷಿನಲ್ಲಿ. ಅರವತ್ತೊಂಬತ್ತು, ಎಪ್ಪತ್ತೊಂಬತ್ತು ಬೇಕಾಗುವ ಸಂದರ್ಭವೇ ಬರುವುದಿಲ್ಲ. ಡಿಶ್ ತಿರುಗಿಸುವ ಅರ್ಧ ಗಂಟೆಯಲ್ಲಿ ಅವು ಹತ್ತಾರು ಸಲ ಬರುತ್ತವೆ. ಜೊತೆಗೆ ಚೂರು, ಇನ್ನೊಂಚೂರು, ಜಾಸ್ತಿಯಾಯ್ತು, ಸಡಿಲ, ಬಿಗಿ, ಓರೆ, ನೆಟ್ಟಗೆ, ತಡಿ, ಸಾಕು. ಮಗು ಅಂಕಿ ತಪ್ಪು ಹೇಳಿದರೆ ಚಿತ್ರ ಬರುವುದಿಲ್ಲ. ಹಾಗಾಗಿ ನೀವು ತಿದ್ದಿದಾಗ ಮುಖ ಸಪ್ಪಗಾಗುವುದಿಲ್ಲ. ಶಬ್ದ ಬೇಕಾದದ್ದು ಅದಕ್ಕೇ, ಕೇಳುವುದೂ ಅದೇ.

ಕೆಲಸ ಮುಗಿದ ಮೇಲೆ ಒಂದು ಕಥೆಯನ್ನೂ ಹೇಳಬಹುದು. ಭಾರತದ ಮೊದಲ ಉಪಗ್ರಹ ಆರ್ಯಭಟವನ್ನು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದರು, 1975ರಲ್ಲಿ ಅದು ಮೇಲೇರಿತು. ಆ ತಂಡವನ್ನು ಮುನ್ನಡೆಸಿದ ಯು.ಆರ್. ರಾವ್ ಉಡುಪಿ ಬಳಿಯ ಅದಮಾರಿನವರು. ದೂರದರ್ಶನದ ಚಾನೆಲ್‌ಗಳನ್ನು ಹೊತ್ತು 93.5 ಡಿಗ್ರಿ ಪೂರ್ವದಲ್ಲಿ ನಿಂತಿರುವ ಇಸ್ರೋ ಉಪಗ್ರಹಗಳ ಮೇಲೆ ಕಣ್ಣಿಟ್ಟಿರುವ ಕೇಂದ್ರ ನಮ್ಮ ಹಾಸನದಲ್ಲಿದೆ. ಆಕಾಶದ ಈ ವ್ಯವಹಾರದಲ್ಲಿ ಅಜ್ಜಿಯ ಊರಿನ ಕಡೆಯವರ ಕೈಯಿದೆ ಎಂದು ತಿಳಿದರೆ ಮಗುವಿಗೆ ಊರು ಬರೀ ರಜೆಯ ಜಾಗವಾಗಿ ಉಳಿಯುವುದಿಲ್ಲ.

ಕೆಲವು ಎಚ್ಚರಿಕೆಗಳು. ಕೇಬಲ್ ಬಿಚ್ಚುವ ಮೊದಲು ರಿಸೀವರ್‌ನ ಪ್ಲಗ್ ತೆಗೆಯಿರಿ. ಪ್ಲಗ್ ತೆಗೆದ ಮೇಲೂ ಪವರ್ ಬೋರ್ಡಿನಲ್ಲಿ ವಿದ್ಯುತ್ ಉಳಿದಿರುತ್ತದೆ. ಮಗುವಿನ ಕೈ ಅಲ್ಲಿಗೆ ಹೋಗಬಾರದು, ಕೆಪಾಸಿಟರ್ ಬದಲಿಸುವುದನ್ನು ರಿಪೇರಿ ಅಂಗಡಿಯವರಿಗೇ ಬಿಡಿ. ಮಗು ಒಂಟಿಯಾಗಿ ತಾರಸಿಗೆ ಹೋಗುವುದು ಬೇಡ. ಜೂನ್‌ನಿಂದ ಆಗಸ್ಟ್‌ವರೆಗೆ ಬೆಳಗ್ಗೆ 11ರಿಂದ ಸಂಜೆ 4ರವರೆಗೆ ಬಯಲಿನಲ್ಲಿ ಕೆಲಸ ಮಾಡಿಸುವುದನ್ನು ಕುವೈತ್ ಸರ್ಕಾರವೇ ನಿಷೇಧಿಸಿದೆ. ನೀವೂ ಬಿಸಿಲು ಇಳಿದ ಮೇಲೆಯೇ ಹತ್ತಿ. ತೀರಾ ಹಳೆಯ ಪೆಟ್ಟಿಗೆ ರಿಪೇರಿಯಾದರೂ ಹೊಸ ಬಗೆಯ ಸಿಗ್ನಲ್ ಹಿಡಿಯದಿರಬಹುದು, ಹಣ ಕಟ್ಟಬೇಕಾದ ಚಾನೆಲ್‌ಗಳಂತೂ ಬರುವುದಿಲ್ಲ. ಸಿ-ಬ್ಯಾಂಡ್ ಚಾನೆಲ್‌ಗಳಿಗೆ ದೊಡ್ಡ ಡಿಶ್ಶೇ ಬೇಕು.

ನಿಮ್ಮ ಮನೆಯಲ್ಲಿ ಡಿಶ್ ಇಲ್ಲವೇ? ಪರದೆ ಕಡ್ಡಿ ಕೂರಿಸುವುದು, ಕಪಾಟು ಜೋಡಿಸುವುದು, ಸೈಕಲ್ ಚಕ್ರ ಸರಿಮಾಡುವುದು, ಯಾವುದಾದರೂ ಆದೀತು. ಒಬ್ಬರು ಕೈ ಆಡಿಸಬೇಕು, ಇನ್ನೊಬ್ಬರು ನೋಡಿ ಹೇಳಬೇಕು, ಅಷ್ಟೇ. ಹೇಳುವ ಕೆಲಸವನ್ನು ಮಗುವಿಗೇ ಕೊಡಿ.