ಮತಗಟ್ಟೆಯಲ್ಲಿ ಬೇಕಾಗುವ ಮಾತು

ಚುನಾವಣೆ ಮುಗಿದ ಮೇಲೆ ‘ಠೇವಣಿ ಹೋಯ್ತಂತೆ’ ಎನ್ನದ ಅರಳಿಕಟ್ಟೆ ನಮ್ಮ ನಾಡಿನಲ್ಲಿಲ್ಲ. ಎಷ್ಟು ಠೇವಣಿ, ಯಾವಾಗ ಹೋಗುತ್ತದೆ ಎಂದು ಕೇಳಿದರೆ ಹೆಚ್ಚಿನವರು ತಡವರಿಸುತ್ತಾರೆ. ವಿಧಾನಸಭೆಗೆ 10,000 ರೂಪಾಯಿ, ಲೋಕಸಭೆಗೆ 25,000. ಪರಿಶಿಷ್ಟ ಜಾತಿ, ಪಂಗಡದವರಿಗೆ ಅದರಲ್ಲಿ ಅರ್ಧ. ಸೋತವರಿಗೆ ಸಿಂಧು ಮತಗಳ ಆರನೇ ಒಂದು ಪಾಲಿಗಿಂತ ಹೆಚ್ಚು ಬೀಳದಿದ್ದರೆ ಆ ಹಣ ವಾಪಸ್ ಬರುವುದಿಲ್ಲ.

ಇದು ತಿಳಿಯದಿದ್ದರೆ ಮತದಾರರಿಗೆ ನಷ್ಟವೇನೂ ಇಲ್ಲ. ‘ಟೆಂಡರ್ ವೋಟ್’ ತಿಳಿಯದಿದ್ದರೆ ಇದೆ. ಬಿಸಿಲಲ್ಲಿ ಸಾಲು ನಿಂತು ಒಳಗೆ ಹೋದ ಹೆಂಗಸಿಗೆ ‘ನಿಮ್ಮ ವೋಟು ಆಗಲೇ ಬಿದ್ದಿದೆಯಲ್ಲಮ್ಮ’ ಎಂದರೆ ಅವಳೇನು ಮಾಡಬೇಕು? ಸುಮ್ಮನೆ ಮನೆಗೆ ಹೋಗಬೇಕಿಲ್ಲ. ತಾನೇ ಆ ಮತದಾರಳೆಂದು ಪ್ರಿಸೈಡಿಂಗ್ ಆಫೀಸರಿಗೆ ಮನವರಿಕೆ ಮಾಡಿಕೊಟ್ಟರೆ ಯಂತ್ರದ ಬದಲು ಕಾಗದದ ಮತಪತ್ರ ಸಿಗುತ್ತದೆ. ಪಟ್ಟಿಯಲ್ಲಿ ಸಹಿ ಹಾಕಿ, ಮುದ್ರೆ ಒತ್ತಿ, ಮಡಿಸಿ ಕೊಟ್ಟರೆ ಅದನ್ನು ಬೇರೆ ಲಕೋಟೆಯಲ್ಲಿ ಇಡುತ್ತಾರೆ. ಅಂದಿನ ಎಣಿಕೆಗೆ ಅದು ಸೇರುವುದಿಲ್ಲ, ನಿಜ. ಫಲಿತಾಂಶದ ತಕರಾರು ಕೋರ್ಟಿಗೆ ಹೋದರೆ ಆ ಲಕೋಟೆಗೆ ಬೆಲೆ ಬರುತ್ತದೆ. ನಮ್ಮ ಪೌರನೀತಿಯ ಪಾಠಗಳು ಸಂಸತ್ತಿನ ಎರಡು ಸದನಗಳನ್ನು ಬಾಯಿಪಾಠ ಮಾಡಿಸುತ್ತವೆ. ಈ ಲಕೋಟೆಯ ತನಕ ಬರುವುದಿಲ್ಲ. ಇದು ನನ್ನನ್ನು ಬಹಳ ಕಾಡುತ್ತದೆ.

ತಿಳಿಸಿ ಹೇಳುವವರಿಲ್ಲದ ಈ ಕೊರತೆ ಹಳೆಯದು. 1951-52ರ ಮೊದಲ ಸಾರ್ವತ್ರಿಕ ಚುನಾವಣೆಗೆ ಮತದಾರರ ಪಟ್ಟಿ ಬರೆಯುವಾಗ, ಮುಖ್ಯವಾಗಿ ಉತ್ತರದ ರಾಜ್ಯಗಳಲ್ಲಿ, ಅಪರಿಚಿತರಿಗೆ ಹೆಸರು ಹೇಳದ ಹೆಂಗಸರು ‘ಇಂಥವರ ಹೆಂಡತಿ’, ‘ಇಂಥವರ ತಾಯಿ’ ಎಂದೇ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಒಪ್ಪಲಿಲ್ಲ. ಕೊನೆಗೂ ಸ್ವಂತ ಹೆಸರು ಕೊಡದ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು. ಕಠಿಣ ನಿರ್ಧಾರ. ಆದರೂ ಸೇನ್ ಮಾಡಿದ್ದು ಸರಿ ಎಂದೇ ನನ್ನ ಭಾವನೆ: ವೋಟು ಅವಳದು, ಮನೆಯ ಯಜಮಾನನದಲ್ಲ. ಆದರೆ ಅದನ್ನು ಅವಳಿಗೆ ತಿಳಿಸಿ ಹೇಳುವವರು ಆ ಊರುಗಳಲ್ಲಿ ಎಷ್ಟು ಮಂದಿ ಇದ್ದರು?

ಈಗ 17 ತುಂಬಿದವರು ಪಟ್ಟಿಗೆ ಹೆಸರು ಸೇರಿಸುವ ಅರ್ಜಿಯಾದ ನಮೂನೆ 6 ಅನ್ನು ಮುಂಗಡವಾಗಿಯೇ ಸಲ್ಲಿಸಬಹುದು. 18 ತುಂಬಿದ್ದನ್ನು ಲೆಕ್ಕ ಹಿಡಿಯಲು ವರ್ಷಕ್ಕೆ ನಾಲ್ಕು ದಿನಾಂಕಗಳಿವೆ. ಪಿಯುಸಿ ತರಗತಿಯಲ್ಲೇ ಇದನ್ನು ತುಂಬಿಸಿ ಕಲಿಸಬಹುದಲ್ಲ?

ಈ ಸಂಚಿಕೆಯಿಂದ ಇಂಥ ಪದಗಳಿಗೆ ಒಂದು ಪುಟ ಮೀಸಲು. ಮೊದಲನೆಯದು ನಮೂನೆ 7: ಪಟ್ಟಿಯಿಂದ ನಿಮ್ಮ ಹೆಸರು ತೆಗೆಯಿರಿ ಎಂದು ಇನ್ನೊಬ್ಬರು ಹಾಕಬಹುದಾದ ಅರ್ಜಿ. ಹಾಗೆ ಅರ್ಜಿ ಬಂದಾಗ ನಿಮ್ಮ ಮಾತು ಹೇಳಲು ಎಲ್ಲಿಗೆ, ಯಾವ ದಾಖಲೆ ಹಿಡಿದು ಹೋಗಬೇಕೆಂಬುದು ಅಲ್ಲಿದೆ.